ಅದು ಬಿಸಿಲು, ಇದು ಸೆಕೆ!

ಸಂಜೆ ಏಳಕ್ಕೆ ಕರೆಂಟು ಹೋಯಿತು. ಉಡುಪಿಯಲ್ಲಿ ಮೇ ತಿಂಗಳಲ್ಲಿ ಕರೆಂಟು ಹೋದರೆ ಮನೆಯೊಳಗೆ ಕೂತುಕೊಳ್ಳಲಿಕ್ಕಾಗುವುದಿಲ್ಲ. ಎಲ್ಲರೂ ಜಗಲಿಗೆ ಬಂದು ಬೀಳುತ್ತಾರೆ. ನಾವೂ ಬಿದ್ದೆವು. ನಾನು, ನನ್ನ ಹೆಂಡತಿ, ಪಕ್ಕದ ಮನೆಯ ಅಡುಗೆ ಭಟ್ರು, ಮತ್ತೆ ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ರಾಯಚೂರಿನ ಹುಡುಗ. ಅವನಿಗೂ ಒಂದು ಹೆಸರುಂಟು. ಆದರೆ ನಾವು ಕರೆಯುವುದು ರಾಯಚೂರು ಎಂದೇ.

"ಎಂಥ ಸೆಕೆ ಮಾರಾಯ್ರೆ" ಎಂದೆ ಬೈರಾಸಿನಲ್ಲಿ ಕುತ್ತಿಗೆ ಒರೆಸಿಕೊಳ್ಳುತ್ತಾ. ನಮ್ಮ ಕಡೆ ಇದು ನಮಸ್ಕಾರ ಹೇಳಿದ ಹಾಗೆ. "ಹೌದು ಮಾರಾಯ್ರೆ" ಅಂದರೆ ಮುಗಿಯಿತು.

ರಾಯಚೂರು ಮಾತ್ರ ನಕ್ಕ. "ಇವತ್ತ ಎಷ್ಟಿತ್ರಿ ಇಲ್ಲಿ?"

"36."

"ಅಷ್ಟ? ನಮ್ಮೂರಾಗ 36 ಇದ್ರ ಜನ ಸ್ವೆಟರ್ ಹುಡುಕ್ತಾರ್ರಿ. ನಿನ್ನೆ ಅವ್ವ ಫೋನ್ ಮಾಡಿದ್ಲು, ಅಲ್ಲಿ 42 ಅಂತ."

ಹೀಗೆ ಹೇಳುವಾಗ ಅವನ ಅಂಗಿ ಹಿಂಡಿದ್ದರೆ ಒಂದು ಚೊಂಬು ನೀರು ಸಿಗುತ್ತಿತ್ತು.

ಭಟ್ರು ಬೀಸಣಿಗೆ ನಿಲ್ಲಿಸಿದರು. "ತಮ್ಮಾ, ಅದು ಬಿಸಿಲು, ಇದು ಸೆಕೆ. ಬಿಸಿಲಿಗೆ ಕೊಡೆ ಹಿಡಿಯಬಹುದು. ಸೆಕೆಗೆ ಎಂಥದ್ದು ಹಿಡಿಯುತ್ತೀ? ನಿಮ್ಮಲ್ಲಿ ಬೆವರು ಬಂದ ಹಾಗೇ ಆರುತ್ತದೆ, ಆರುವಾಗ ಮೈಯ ಶಾಖವನ್ನೂ ತೆಗೆದುಕೊಂಡು ಹೋಗುತ್ತದೆ. ಇಲ್ಲಿ ಗಾಳಿಯಲ್ಲಿ ಮೊದಲೇ ಸಮುದ್ರದ ನೀರು ತುಂಬಿ ಕೂತಿದೆ. ಬಸ್ಸು ಫುಲ್. ನಮ್ಮ ಬೆವರು ಮೈಮೇಲೆಯೇ ನಿಂತು ಮುಂದಿನ ಬಸ್ಸಿಗೆ ಕಾಯುತ್ತದೆ."

ನಾನೂ ಬಿಡಲಿಲ್ಲ. ಬಿಸಿಗಾಳಿ ಅಂತ ಲೆಕ್ಕಕ್ಕೆ ತೆಗೆದುಕೊಳ್ಳಲು ಹವಾಮಾನ ಇಲಾಖೆಗೆ ಬಯಲು ಸೀಮೆಯಲ್ಲಿ ಕನಿಷ್ಠ 40 ಡಿಗ್ರಿ ಬೇಕು, ಕರಾವಳಿಗೆ 37 ಸಾಕು. "ಮೂರು ಡಿಗ್ರಿ ರಿಯಾಯಿತಿ ಸರ್ಕಾರವೇ ಕೊಟ್ಟಿದೆ" ಎಂದೆ.

"ಅಷ್ಟೆಲ್ಲ ಗೊತ್ತಿದ್ದವರು ಭಾನುವಾರ ಮಾಡಿದ್ದೇನು? ಅದನ್ನೂ ಹೇಳಿ" ಎಂದಳು ಹೆಂಡತಿ.

ಹೇಳಲೇಬೇಕಾಯಿತು. ಅಡುಗೆಮನೆ ಕುಲುಮೆಯಾಗಿದೆ ಎಂದು ಅವಳು ಒಂದು ವಾರದಿಂದ ಹೇಳುತ್ತಿದ್ದಳು. ಗ್ಯಾಸಿನ ಶಾಖದಲ್ಲಿ ಸುಮಾರು ಮೂರರಲ್ಲೊಂದು ಪಾಲು ಪಾತ್ರೆಗೆ ಹೋಗುವುದೇ ಇಲ್ಲ, ಸುಮ್ನೆ ಅಡುಗೆಮನೆಗೆ ಹೋಗುತ್ತದೆ. ಫ್ಯಾನ್ ಹಾಕಿದರೆ ಉರಿ ಆರುತ್ತದೆ. ಹಾಗಾದರೆ ಅಡುಗೆಯನ್ನೇ ಹೊರಗೆ ಮಾಡಿದರಾಯಿತಲ್ಲ? ಭಾನುವಾರ ಹನ್ನೊಂದು ಗಂಟೆಗೆ ನಾನೂ ರಾಯಚೂರೂ ಸೇರಿ ಒಲೆ, ಸಿಲಿಂಡರ್, ಕುಚ್ಚಲಕ್ಕಿ ಎಲ್ಲ ಟೇರಸಿಗೆ ಹೊತ್ತೆವು. ನೀರಿನ ಟ್ಯಾಂಕಿಯ ನೆರಳಿನಲ್ಲಿ ಹೊಸ ಅಡುಗೆಮನೆ.

ಒಲೆ ಹಚ್ಚಿದ ಕೂಡಲೇ ಪಡುವಣದಿಂದ ಸಮುದ್ರದ ಗಾಳಿ ಬಂತು. ದಿನಾ ಬಾ ಬಾ ಎಂದು ಕರೆಯುವ ಗಾಳಿ. ಉರಿ ಆರಿತು. ಮತ್ತೆ ಹಚ್ಚಿದೆ, ಮತ್ತೆ ಆರಿತು. ರಾಯಚೂರು ಎಲ್ಲಿಂದಲೋ ಹಳೆಯ ತಗಡು ತಂದು ಮೂರೂ ಕಡೆ ನಿಲ್ಲಿಸಿದ. ಗಾಳಿ ನಿಂತಿತು. ನಾವು ತಗಡಿನ ಒಳಗೆ ಬಾಳೆಎಲೆಯೊಳಗಿನ ಕಡುಬಿನ ಹಾಗೆ ಬೇಯತೊಡಗಿದೆವು. ಅಷ್ಟರಲ್ಲಿ ನೆರಳು ಟ್ಯಾಂಕಿಯ ಬುಡಕ್ಕೆ ಸರಿದಿತ್ತು. ಕಾಲಡಿಯ ಕಾಂಕ್ರೀಟು ಚಪ್ಪಲಿ ದಾಟಿ ಮೇಲೆ ಬರುತ್ತಿತ್ತು. ಪಾತ್ರೆ ತೊಳೆಯೋಣವೆಂದು ನಳ್ಳಿ ತಿರುಗಿಸಿದರೆ ಸ್ನಾನಕ್ಕೂ ತಣ್ಣೀರು ಬೆರೆಸಬೇಕಾದಷ್ಟು ಬಿಸಿ.

"ಕುಚ್ಚಲಕ್ಕಿ ಅನ್ನೋದು ಇಷ್ಟೊತ್ತು ಬೇಯ್ತದಂತ ನನಗ್ಯಾರೂ ಹೇಳಿರಲಿಲ್ರಿ" ಎಂದ ರಾಯಚೂರು. ಹಪ್ಪಳ ಕರಿದು ತಟ್ಟೆಯಲ್ಲಿಟ್ಟಿದ್ದನ್ನು ಕಾಗೆ ಕೊಂಡುಹೋಯಿತು. ಅದಕ್ಕೂ ಪಾಪ, ಹಸಿವಾಗಿರಬೇಕು.

ಒಂದೂವರೆಗೆ ಅರೆಬೆಂದ ಅನ್ನ ಹಿಡಿದು ಕೆಳಗೆ ಬಂದರೆ ಹೆಂಡತಿ ಫ್ಯಾನಿನಡಿ ಕೂತು ಊಟ ಮಾಡುತ್ತಿದ್ದಾಳೆ! ಬೆಳಿಗ್ಗೆ ಆರಕ್ಕೇ ಅಕ್ಕಿಯನ್ನು ಇಪ್ಪತ್ತು ನಿಮಿಷ ಕುದಿಸಿ, ಪಾತ್ರೆ ಸಮೇತ ಶಾಖ ಹೊರಗೆ ಬಿಡದ ಆ ದೊಡ್ಡ ಡಬ್ಬಿಯೊಳಗೆ ಇಟ್ಟಿದ್ದಳಂತೆ. ಅನ್ನ ಅದರಷ್ಟಕ್ಕೇ ಬೆಂದಿತ್ತು. ಹಿತ್ತಲಿನ ಒಂದೆಲಗ, ತೆಂಗಿನಕಾಯಿ, ನಾಲ್ಕು ಕಾಳುಮೆಣಸು ಅರೆದು ಮಜ್ಜಿಗೆಗೆ ಹಾಕಿದ ತಂಬುಳಿ. ಕಾಟು ಮಾವಿನಹಣ್ಣು ಕಿವುಚಿ ಬೆಲ್ಲ, ಉಪ್ಪು, ಹಸಿಮೆಣಸು ಬೆರೆಸಿದ ಗೊಜ್ಜು. ಅನ್ನ ಬಿಟ್ಟರೆ ಒಲೆಯ ಮುಖವನ್ನೇ ನೋಡದ ಊಟ.

"ಮೊದಲೇ ಹೇಳಬಹುದಿತ್ತಲ್ಲ?" ಎಂದಿದ್ದೆ.

"ನೀವು ಸಿಲಿಂಡರ್ ಹೊರುವುದು ನೋಡಲಿಕ್ಕೆ ಚೆಂದ ಇತ್ತು" ಎಂದಿದ್ದಳು.

ಭಟ್ರು ಹೊಟ್ಟೆ ಹಿಡಿದು ನಕ್ಕರು. ನಂತರ ಅವರದೇ ಗೋಳು ಶುರುವಾಯಿತು. "ಕೃಷ್ಣಮಠದ ಪರ್ಯಾಯ ಉತ್ಸವ ನೋಡಿ, ಎರಡು ವರ್ಷಕ್ಕೊಮ್ಮೆ, ಜನವರಿ 18ಕ್ಕೆ. ಒಲೆ ಬುಡದಲ್ಲಿ ನಿಲ್ಲಬಹುದು. ಈ ದೇವಸ್ಥಾನದ ಬ್ರಹ್ಮಕಲಶ, ಮದುವೆ, ಉಪನಯನ ಎಲ್ಲ ಏಪ್ರಿಲ್ ಮೇ ತಿಂಗಳಲ್ಲೇ ಯಾಕೆ? ಯಾರಾದರೂ ಅಡುಗೆಯವನ ಜಾತಕ ಕೇಳುತ್ತಾರಾ?"

"ಮತ್ತ ನೀವು ಹೆಂಗ ತಡಕೋತೀರಿ?"

"ರಾತ್ರಿ ಎರಡಕ್ಕೆ ಒಲೆ ಹಚ್ಚುವುದು. ಸೂರ್ಯ ಏಳುವಾಗ ಸಾರು, ಸಾಂಬಾರು, ಪಾಯಸ ಇಳಿದಿರಬೇಕು. ತಲೆಗೆ ಒದ್ದೆ ಬೈರಾಸು. ಗಂಟೆಗೊಮ್ಮೆ ಗಂಜಿತಿಳಿಗೆ ಉಪ್ಪು ಹಾಕಿ ಕುಡಿಯುವುದು, ಇಲ್ಲವಾದರೆ ಬೆಲ್ಲ ನೀರು. ಬರೀ ನೀರು ಕುಡಿದರೆ ಬೆವರಲ್ಲಿ ಹೋದ ಉಪ್ಪು ವಾಪಸು ಬರುತ್ತದಾ? ಮತ್ತೆ ಚಪ್ಪರ ಅಂದರೆ ತೆಂಗಿನ ಮಡಲಿನದ್ದೇ ಆಗಬೇಕು. ಈಗ ಎಲ್ಲ ಕಡೆ ಶೀಟು ಹಾಕುತ್ತಾರೆ. ಕೆಳಗಿನಿಂದ ಕೊಪ್ಪರಿಗೆ, ಮೇಲಿನಿಂದ ಶೀಟು. ಕಳೆದ ವಾರ ಒಂದು ಕಡೆ ನಾನು ಸೌತೆಕಾಯಿ ಹೆಚ್ಚುತ್ತಿದ್ದೇನೋ, ನನ್ನನ್ನೇ ಯಾರಾದರೂ ಹುರಿಯುತ್ತಿದ್ದಾರೋ ಗೊತ್ತಾಗಲಿಲ್ಲ."

"ಮೇ ಕೊನೆಯ ಪತ್ತನಾಜೆವರೆಗೆ ತಡೆದುಕೊಳ್ಳಿ ಭಟ್ರೇ, ಆಮೇಲೆ ಮಳೆ" ಎಂದಳು ಹೆಂಡತಿ.

"ಮಳೆ ಬಂದರೆ ಒದ್ದೆ ಸೌದೆ ಉರಿಯುವುದಿಲ್ಲಮ್ಮಾ" ಎಂದರು ಭಟ್ರು.

ಕರೆಂಟು ಬಂತು. ಎರಡು ಗಂಟೆಗೆ ಏಳಬೇಕೆಂದು ಭಟ್ರು ಎದ್ದರು. ರಾಯಚೂರು ಮಹಡಿಗೆ ಹೋದ, ಐದೇ ನಿಮಿಷದಲ್ಲಿ ಇಳಿದು ಬಂದ. ದಿನವಿಡೀ ಕಾದ ಕಾಂಕ್ರೀಟು ರಾತ್ರಿ ಶಾಖವನ್ನೆಲ್ಲ ಅವನ ಕೋಣೆಗೆ ಇಳಿಸುತ್ತಿತ್ತು. ಫ್ಯಾನು ಅದನ್ನೇ ಸಮನಾಗಿ ಹಂಚುತ್ತಿತ್ತು. ಮೆಟ್ಟಿಲ ಮೇಲೆ ಕೂತು ಫೋನ್ ಹಚ್ಚಿದ.

"ಅವ್ವಾ, ನಾಳೆ ಊರಿಗೆ ಬರ್ತೀನಿ. ಇಲ್ಲಿ ತಡಕೊಳ್ಳಾಕ ಆಗವಲ್ದು... ಎಷ್ಟಂದ್ರ? 36."

ಆ ಕಡೆಯಿಂದ ಅವನ ಅವ್ವ ನಕ್ಕದ್ದು ಜಗಲಿಯವರೆಗೂ ಕೇಳಿಸಿತು.