ಗಾರ್ಡನ್ ಡಿಸೈನ್‌ಗೆ ಪೂರ್ತಿ ದುಡ್ಡು ಮೊದಲೇ ಕೊಡಬಹುದಾ?

ಪ್ರಶ್ನೆ, ಮಡಿಕೇರಿ ಹತ್ತಿರದಿಂದ

ಹೊಸ ಮನೆ ಕೆಲಸ ಮುಗಿದಿದೆ. ಮುಂದೆ ಸುಮಾರು 15 ಸೆಂಟ್ ಜಾಗ ಖಾಲಿ ಇದೆ, ರಸ್ತೆ ಕಡೆಗೆ ಇಳಿಜಾರು. ಹಿಂದೆ ಬರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ. ಗಾರ್ಡನ್ ಮಾಡಿಸೋಣ ಅಂತ ಬೆಂಗಳೂರಿನ ಒಬ್ಬರನ್ನು ಕರೆಸಿದೆವು. ಅರ್ಧ ಗಂಟೆ ಇದ್ದು, ಫೋಟೊ ತೆಗೆದುಕೊಂಡು ಹೋದರು. ಈಗ ಡಿಸೈನ್‌ಗೆ 45,000 ರೂಪಾಯಿ ಪೂರ್ತಿ ಮೊದಲೇ ಹಾಕಿ, ಕೆಲಸವೂ ನಮಗೇ ಕೊಟ್ಟರೆ ಅದನ್ನು ಬಿಲ್‌ನಲ್ಲಿ ಕಳೆಯುತ್ತೇವೆ ಅನ್ನುತ್ತಿದ್ದಾರೆ. ಮನೆಯವರಿಗೆ ಮನಸ್ಸಿಲ್ಲ. ನನಗೆ ಆಸೆ ಇದೆ, ಭಯವೂ ಇದೆ. ಮಾಡಿಸಿದವರು ಇದ್ದರೆ ದಯವಿಟ್ಟು ಹೇಳಿ.

ಸುಂಟಿಕೊಪ್ಪದಿಂದ

ಅಕ್ಕ, ನಾನು ಕೊಟ್ಟು ಕೈ ಸುಟ್ಟುಕೊಂಡವನು. ಆದರೂ ಡಿಸೈನ್‌ಗೆ ದುಡ್ಡು ಕೊಡಲೇಬೇಡಿ ಅಂತ ಹೇಳುವುದಿಲ್ಲ. ಯಾವುದಕ್ಕೆ, ಯಾವಾಗ, ಎಷ್ಟು ಕೊಡುತ್ತೀರಿ ಅನ್ನುವುದನ್ನು ಮಾತ್ರ ಮೊದಲೇ ಗಟ್ಟಿ ಮಾಡಿಕೊಳ್ಳಿ.

ನಾನು 38,000 ಒಂದೇ ಸಲ ಕೊಟ್ಟೆ. ಜನವರಿಯಲ್ಲಿ ಬಂದು ನೋಡಿದ್ದರು. ಕಾಫಿ ಕೊಯ್ಲಿನ ಸಮಯ, ಒಳ್ಳೆ ಬಿಸಿಲು, ನೆಲ ಒಣಗಿ ಗಟ್ಟಿಯಾಗಿತ್ತು. ಮೂರು ವಾರ ಕಳೆದು ಆರು ಬಣ್ಣದ ಚಿತ್ರ ಬಂತು. ನೋಡಲು ಎಷ್ಟು ಚೆನ್ನಾಗಿತ್ತು ಅಂದರೆ ನನ್ನ ಹೆಂಡತಿ ಅದನ್ನು ಎಲ್ಲರಿಗೂ ಕಳಿಸಿದಳು. ಹಸಿರು ಹುಲ್ಲಿನ ಹಾಸು, ಬಿಳಿ ಬೆಂಚು, ಸಾಲಾಗಿ ಪಾಮ್ ಗಿಡ. ಎರಡು ದಿನ ಬಿಟ್ಟು ಕೈಯಲ್ಲಿ ಹಿಡಿದುಕೊಂಡು ಅಂಗಳಕ್ಕೆ ಹೋಗಿ ನಿಂತೆ. ಚಿತ್ರದಲ್ಲಿ ಹುಲ್ಲಿನ ಹಾಸು ಇದ್ದ ಕಡೆ ನಮ್ಮ ನೆಲ ನಾಲ್ಕು ಅಡಿ ಇಳಿಯುತ್ತದೆ. ಬೆಂಚು ಇದ್ದ ಜಾಗದಲ್ಲಿ ಒಂದು ಬೀಟೆ ಮರ ಇದೆ. ಚಿತ್ರದಲ್ಲಿ ಮರವೇ ಇಲ್ಲ! ಬೀಟೆಯನ್ನು ನಮ್ಮ ಇಷ್ಟಕ್ಕೆ ಕಡಿಯುವ ಹಾಗಿಲ್ಲ, ಅರಣ್ಯ ಇಲಾಖೆ ಅನುಮತಿ ಬೇಕು ಅಂತ ಇಲ್ಲಿ ಮಕ್ಕಳಿಗೂ ಗೊತ್ತು. ಛಾವಣಿಯ ನೀರು ಎಲ್ಲಿ ಇಳಿಯುತ್ತದೆ, ಎಲ್ಲಿಗೆ ಹೋಗುತ್ತದೆ, ಅದಕ್ಕೆ ಒಂದು ಗೆರೆ ಕೂಡ ಇರಲಿಲ್ಲ. ಫೋನ್ ಮಾಡಿ ಕೇಳಿದರೆ, ಬದಲಾವಣೆಗೆ ಬೇರೆ ಚಾರ್ಜ್ ಅಂದರು. ಅಲ್ಲಿಗೆ ಬಿಟ್ಟೆ.

ದುಡ್ಡು ಹೋಗಿದ್ದಕ್ಕಿಂತ ಜಾಸ್ತಿ ಬೇಜಾರಾದದ್ದು ಬೇರೆ ವಿಷಯಕ್ಕೆ. ಆ ಚಿತ್ರದ ಪ್ರಕಾರ ಜೆಸಿಬಿ ತರಿಸಿ ಮಟ್ಟ ಮಾಡಿಸಿದ್ದರೆ ಏನಾಗುತ್ತಿತ್ತು? 2018ರ ಆಗಸ್ಟ್ ನೋಡಿದವರು ನಾವು. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ ಕಡೆ ಗುಡ್ಡ ಹೇಗೆ ಜಾರಿತು ಅಂತ ಕಣ್ಣಾರೆ ಕಂಡಿದ್ದೇವೆ. ನಮ್ಮಲ್ಲಿ ಪ್ರತಿ ಮಳೆಗಾಲದಲ್ಲೂ ಯಾರದ್ದಾದರೂ ಮನೆ ಹಿಂದಿನ ಬರೆ ಜರಿಯುತ್ತದೆ. ಇಳಿಜಾರನ್ನು ಕಡಿದು ಹುಲ್ಲು ಹಾಸುವುದು ಅಂದ ಚಂದದ ಮಾತಲ್ಲ ಅಕ್ಕ, ಮನೆ ನಿಲ್ಲುವ ಮಾತು.

ಮುಂದಿನ ಮಳೆಗಾಲದಲ್ಲಿ ಇಲ್ಲೇ ಹತ್ತಿರದ ಒಬ್ಬ ಹೆಣ್ಣುಮಗಳನ್ನು ಕರೆದೆ. ಬಂದು ನೋಡುವುದಕ್ಕೆ 3,000, ಆಮೇಲಿನದು ಆಮೇಲೆ ಅಂದಳು. ಜುಲೈ ತಿಂಗಳು, ಜೋರು ಮಳೆ. ಗಂಬೂಟು ಹಾಕಿಕೊಂಡು, ಕೊಡೆ ಹಿಡಿದು ಬಂದಳು. ಒಂದು ಪ್ಲಾಸ್ಟಿಕ್ ಚೀಲದಲ್ಲಿ ಭತ್ತದ ಹೊಟ್ಟು ತಂದಿದ್ದಳು. ಸೂರಿನ ನೀರು ಬೀಳುವ ಕಡೆ ಒಂದು ಹಿಡಿ ಹಾಕಿದಳು, ಹೊಟ್ಟು ತೇಲಿಕೊಂಡು ಹೋದ ಕಡೆಯೇ ಹಿಂದೆ ಹೋದಳು. ಮೂರು ಕಡೆ ಹಾಗೆ ಮಾಡಿದಳು. ಒಂದು ಕಡೆ ಹೊಟ್ಟು ಎಲ್ಲೂ ಹೋಗದೆ ನಮ್ಮ ಅಡುಗೆಮನೆ ಗೋಡೆ ಬುಡದಲ್ಲೇ ಸುತ್ತುತ್ತಿತ್ತು. ಆ ಗೋಡೆಗೆ ಯಾಕೆ ತೇವ ಬರುತ್ತದೆ ಅಂತ ನಾಲ್ಕು ವರ್ಷದಿಂದ ನಮಗೆ ಗೊತ್ತಾಗಿರಲಿಲ್ಲ.

ಅವಳು ಕೊಟ್ಟ ಪ್ಲಾನ್ ಪೆನ್ಸಿಲ್‌ನಲ್ಲಿ ಬರೆದ ಒಂದೇ ಹಾಳೆ. ಎಲ್ಲಿ ಎಷ್ಟು ಎತ್ತರ, ನೀರು ಎತ್ತ, ಚರಂಡಿ ಎಷ್ಟು ಅಗಲ, ಎಲ್ಲ ಇತ್ತು. ಬೀಟೆ ಮರ ಇದ್ದಲ್ಲೇ ಇತ್ತು. ಇಳಿಜಾರನ್ನು ಮೂರು ಮೆಟ್ಟಿಲು ಮಾಡಿ, ಪ್ರತಿ ಮೆಟ್ಟಿಲಿಗೂ ಕಾಡುಕಲ್ಲಿನ ಗಿಡ್ಡ ಗೋಡೆ. ಕಲ್ಲಿನ ಹಿಂದೆ ಜಲ್ಲಿ, ನೀರು ಹೊರಗೆ ಬರಲು ಸಂದು. ಒಟ್ಟು 24,000 ಆಯಿತು, ನಾಲ್ಕು ಸಲ ಕೊಟ್ಟೆ. ನೋಡಲು ಬಂದಾಗ 3,000, ಅಳತೆ ಮುಗಿದಾಗ 6,000, ಪ್ಲಾನ್ ಕೈಗೆ ಬಂದಾಗ 10,000. ಉಳಿದ 5,000 ಕೆಲಸ ಮುಗಿದು ಒಂದು ಮಳೆಗಾಲ ಕಳೆದ ಮೇಲೆ. ಆ ಕೊನೆಯದನ್ನು ಅವಳೇ ಹೇಳಿದ್ದು. ಮಳೆ ನೋಡದೆ ನಾನು ಮಾಡಿದ್ದು ಸರಿ ಅಂತ ಹೇಗೆ ಹೇಳಲಿ ಅಂದಳು.

ನಿಮ್ಮವರು ಅರ್ಧ ಗಂಟೆ ಇದ್ದು ಹೋದರು ಅಂದಿರಲ್ಲ, ಅದೇ ನನಗೆ ಸರಿ ಬರುತ್ತಿಲ್ಲ. ಟೇಪ್ ಹಿಡಿದರಾ? ಎತ್ತರ ತಗ್ಗು ಅಳೆದರಾ? ಹಿಂದಿನ ಬರೆ ನೋಡಿದರಾ? ಕೇಳಿ.

ಪೊನ್ನಂಪೇಟೆಯಿಂದ

ನಮ್ಮ ಮಾವ 20,000 ಕೊಟ್ಟಿದ್ದರು. ಫೋನಿನಲ್ಲೇ ಹಾಕಿದ್ದು, ಕಾಗದ ಇಲ್ಲ, ರಸೀದಿ ಇಲ್ಲ. ದುಡ್ಡು ಹೋದ ಮೇಲೆ ಆಸಾಮಿ ಫೋನ್ ಎತ್ತಲಿಲ್ಲ. ಪುಣ್ಯಕ್ಕೆ ವಾಟ್ಸಾಪ್‌ನಲ್ಲಿ 'ಡಿಸೈನ್ ಅಡ್ವಾನ್ಸ್ ಬಂತು, 15 ದಿನದಲ್ಲಿ ಕೊಡುತ್ತೇನೆ' ಅಂತ ಬರೆದದ್ದು ಉಳಿದಿತ್ತು. ಅದನ್ನು ಪ್ರಿಂಟ್ ತೆಗೆಸಿ, ಗ್ರಾಹಕರ ಆಯೋಗಕ್ಕೆ ಹೋಗುತ್ತೇವೆ ಅಂತ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ನೋಟಿಸ್ ಕಳಿಸಿದೆವು. ಅರ್ಧ ವಾಪಸ್ ಬಂತು.

ಇದು ಎಲ್ಲರಿಗೂ ಗೊತ್ತಿರಲಿ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ದುಡ್ಡು ತೆಗೆದುಕೊಂಡು ಸೇವೆ ಕೊಡದಿದ್ದರೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು, ನಮಗೆ ಮಡಿಕೇರಿಯಲ್ಲೇ ಇದೆ. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ದೂರಿಗೆ ಶುಲ್ಕ ಇಲ್ಲ. ಎರಡು ವರ್ಷದ ಒಳಗೆ ಕೊಡಬೇಕು. ಮೊದಲು ಕೇಳಿ ತಿಳಿದುಕೊಳ್ಳಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಆದರೆ ಕೈಯಲ್ಲಿ ಏನಾದರೂ ಬರಹ ಇರಲೇಬೇಕು. ಅದಿಲ್ಲದೆ ಒಂದು ರೂಪಾಯಿ ಕೊಡಬೇಡಿ ಅಕ್ಕ.

ಕುಶಾಲನಗರದಿಂದ, ಇದೇ ಕೆಲಸ ಮಾಡುವವರು

ನಮ್ಮ ಕಡೆಯ ಮಾತನ್ನೂ ಸ್ವಲ್ಪ ಕೇಳಿ. ಡಿಸೈನ್‌ಗೆ ದುಡ್ಡು ಕೇಳುವುದು ತಪ್ಪಲ್ಲ. ಒಂದು ಜಾಗ ಸರಿಯಾಗಿ ಅಳೆಯಲು ಇಬ್ಬರಿಗೆ ಒಂದು ದಿನ ಬೇಕು, ಪ್ಲಾನ್ ಬರೆಯಲು ಇನ್ನೊಂದು ವಾರ. ಎಷ್ಟೋ ಜನ ನಮ್ಮ ಪ್ಲಾನ್ ತೆಗೆದುಕೊಂಡು ಹೋಗಿ, ಜೆಸಿಬಿಯವರ ಕೈಯಲ್ಲಿ ಕೊಟ್ಟು, ನಮಗೆ ಆಮೇಲೆ ಹೇಳುತ್ತೇವೆ ಅಂದವರು ಹೇಳಲೇ ಇಲ್ಲ. ಹಾಗಾಗಿ ಸ್ವಲ್ಪ ಮೊದಲೇ ಕೇಳುತ್ತೇವೆ. ಆದರೆ ಪೂರ್ತಿ ಮೊದಲೇ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಇಬ್ಬರಿಗೂ ಅರ್ಧ ನಂಬಿಕೆ, ಅರ್ಧ ಜವಾಬ್ದಾರಿ ಇರಬೇಕು.

ಡಿಸೈನ್ ಫ್ರೀ ಅನ್ನುವವರ ಹತ್ತಿರವೂ ಹುಷಾರು. ಆ ದುಡ್ಡು ಗಿಡದ ರೇಟಿನಲ್ಲಿ ಬರುತ್ತದೆ. ನರ್ಸರಿಯಲ್ಲಿ 80 ರೂಪಾಯಿಗೆ ಸಿಗುವ ಗಿಡ ಬಿಲ್‌ನಲ್ಲಿ 250 ಆಗಿರುತ್ತದೆ. 'ಬಿಲ್‌ನಲ್ಲಿ ಕಳೆಯುತ್ತೇವೆ' ಅನ್ನುವುದೂ ಅಷ್ಟೆ. ಕಳೆಯುವುದು ಹೌದು, ಯಾವ ಮೊತ್ತದಿಂದ ಕಳೆಯುತ್ತಾರೆ ಅಂತ ನೋಡಬೇಕು. ಕೆಲಸದ ಅಂದಾಜು ಬೇರೆ, ಡಿಸೈನ್ ಫೀಸ್ ಬೇರೆ ಬರೆಸಿಕೊಳ್ಳಿ. ಜಿಎಸ್‌ಟಿ ನೋಂದಣಿ ಇದ್ದವರಾದರೆ ಶೇ 18 ಮೇಲೆ ಬರುತ್ತದೆ, 45,000 ಅಂದದ್ದು 53,100 ಆಗುತ್ತದೆ. ಅದು ಸೇರಿಯೇ ಹೇಳಿದ್ದಾ ಅಂತ ಕೇಳಿ.

ಇನ್ನೊಂದು. ನೀವು ಕೆಲಸ ಬೇರೆಯವರಿಗೆ ಕೊಟ್ಟರೆ ಆ ಪ್ಲಾನ್ ಬಳಸಬಹುದಾ, ಎಷ್ಟು ಸಲ ಬದಲಾಯಿಸಿ ಕೊಡುತ್ತಾರೆ, ಇವೆರಡೂ ಕಾಗದದಲ್ಲಿ ಇರಲಿ. ಜಗಳ ಬರುವುದು ಹೆಚ್ಚಾಗಿ ಇಲ್ಲೇ. ಆರ್ಕಿಟೆಕ್ಟ್ ಅಂತ ಹೇಳಿಕೊಳ್ಳುವವರಾದರೆ 1972ರ ಕಾಯ್ದೆ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಆಗಿರಬೇಕು, ನಂಬರ್ ಕೇಳಿ ನೋಡಿಕೊಳ್ಳಬಹುದು. ಲ್ಯಾಂಡ್‌ಸ್ಕೇಪರ್ ಅಂತ ಬೋರ್ಡ್ ಹಾಕಲು ಅಂಥದ್ದೇನೂ ಬೇಡ. ನನಗೂ ಇಲ್ಲ. ಅದಕ್ಕೇ ನಾನು ಮೊದಲು ಮಾಡಿದ ಮೂರು ಮನೆ ತೋರಿಸುತ್ತೇನೆ, ಅದರಲ್ಲಿ ಒಂದಾದರೂ ಮೂರು ಮಳೆ ಕಂಡದ್ದು. ನೀವೂ ಹಾಗೇ ಕೇಳಿ. ಹೊಸದಾಗಿ ಮಾಡಿದ ಗಾರ್ಡನ್ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ.

ಸಿದ್ದಾಪುರದಿಂದ

ನಮ್ಮ ಪ್ಲಾನ್‌ನಲ್ಲಿ ಗೇಟಿನ ಎರಡೂ ಕಡೆ ಬಾಳೆ, ಪಕ್ಕದಲ್ಲಿ ಬಿದಿರು ಇತ್ತು. ಇಲ್ಲಿ ಆನೆ ಓಡಾಡುವ ದಾರಿ ಅಂತ ಬರೆದವರಿಗೆ ಗೊತ್ತೇ ಇಲ್ಲ. ನೆಟ್ಟಿದ್ದರೆ ನಾವೇ ಊಟಕ್ಕೆ ಕರೆದ ಹಾಗೆ. ಪ್ಲಾನ್ ಯಾರೇ ಬರೆಯಲಿ, ದುಡ್ಡು ಕೊಡುವ ಮುಂಚೆ ನಿಮ್ಮ ತೋಟದಲ್ಲಿ ಕೆಲಸ ಮಾಡುವವರಿಗೆ ಒಂದು ಸಲ ತೋರಿಸಿ.

ನಾಪೋಕ್ಲಿನಿಂದ

ಮಗಳೇ, ಮನೆ ಈಗಷ್ಟೇ ಮುಗಿದಿದೆ ಅಂದೆ. ಮಣ್ಣು ಇನ್ನೂ ಕೂತಿಲ್ಲ. ಅವಸರ ಏನಿದೆ? ಒಂದು ಕಕ್ಕಡ, ಜೋರು ಮಳೆಯ ಆ ತಿಂಗಳು, ಕಳೆಯಲಿ. ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಪಾಚಿ ಕಟ್ಟುತ್ತದೆ, ಬಿಸಿಲು ಎಲ್ಲಿ ಬೀಳುತ್ತದೆ ಅಂತ ನೀನೇ ಒಂದು ನೋಟ್‌ಬುಕ್‌ನಲ್ಲಿ ಬರೆದಿಡು. ಅಲ್ಲಿಯವರೆಗೆ ಬರೆ ಬುಡಕ್ಕೆ ಕೈ ಹಾಕಿಸಬೇಡ. ನೆರಳಿರುವ ಮೂಲೆಯಲ್ಲಿ, ನಾವು ಕಕ್ಕಡದಲ್ಲಿ ಅಡುಗೆಗೆ ಹಾಕುವ ಮದ್ದುಸೊಪ್ಪಿನ ನಾಲ್ಕು ಕಡ್ಡಿ ನೆಡು, ನನ್ನ ಹತ್ತಿರ ಬೇಕಾದಷ್ಟಿದೆ. ಅದಕ್ಕೆ ಯಾರ ಡಿಸೈನೂ ಬೇಡ.

ಪ್ರಶ್ನೆ ಕೇಳಿದವರಿಂದ, ಎರಡು ದಿನ ಕಳೆದು

ಎಲ್ಲರಿಗೂ ತುಂಬ ಥ್ಯಾಂಕ್ಸ್. ಸುಂಟಿಕೊಪ್ಪದ ಅಣ್ಣ ಹೇಳಿದ ಹಾಗೆ ಫೋನ್ ಮಾಡಿ ಕೇಳಿದೆ. ಅಳತೆ ತೆಗೆದಿಲ್ಲ, ಫೋಟೊ ನೋಡಿ ಮಾಡುತ್ತೇವೆ ಅಂದರು. ಹಾಗಾದರೆ ಮೊದಲು ಬಂದು ಎತ್ತರ ತಗ್ಗು ಅಳೆಯಿರಿ, ಅದಕ್ಕೆ 5,000 ಈಗಲೇ ಕೊಡುತ್ತೇನೆ, ಉಳಿದದ್ದು ಪ್ಲಾನ್ ಬಂದ ಮೇಲೆ ಮತ್ತು ಮಳೆಗಾಲ ಕಳೆದ ಮೇಲೆ ಅಂದೆ. ನಮ್ಮ ಆಫೀಸಿನಲ್ಲಿ ಹಾಗೆ ಮಾಡುವುದಿಲ್ಲ ಅಂದರು. ನಾನೂ ಒತ್ತಾಯ ಮಾಡಲಿಲ್ಲ.

ಸುಂಟಿಕೊಪ್ಪದ ಅಣ್ಣ, ಆ ಹೆಣ್ಣುಮಗಳು ಮಡಿಕೇರಿ ಕಡೆಗೂ ಬರುತ್ತಾರಾ? ಜುಲೈಯಲ್ಲೇ ಬರಲಿ. ಭತ್ತದ ಹೊಟ್ಟು ನಾನೇ ತೆಗೆದಿಟ್ಟಿರುತ್ತೇನೆ. ನಾಪೋಕ್ಲಿನ ಅಮ್ಮ, ಭಾನುವಾರ ಕಡ್ಡಿ ತೆಗೆದುಕೊಂಡು ಹೋಗಲು ಬರುತ್ತೇನೆ.