ಸ್ಟ್ರಾಟೆಜಿಕ್ ಪಾರ್ಟ್‌ನರ್‌ಶಿಪ್: ಮೈತ್ರಿಯೋ, ಪಾಲುದಾರಿಕೆಯೋ, ಮುಯ್ಯಾಳೋ?

ಗೆಳೆಯರೇ,

ಕ್ವಾಡ್ ಬಗ್ಗೆ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಭಾರತ, ಅಮೆರಿಕ, ಜಪಾನ್, ಆಸ್ಟ್ರೇಲಿಯಾ ಸೇರಿಕೊಂಡು ಕಡಲಲ್ಲಿ ಏನೇನು ಮಾಡುತ್ತಿವೆ ಅನ್ನುವುದು ಅದರ ವಿಷಯ. ಮೊದಲ ಪ್ಯಾರಾದಲ್ಲೇ ಸಿಕ್ಕಿಹಾಕಿಕೊಂಡೆ. ಸ್ಟ್ರಾಟೆಜಿಕ್ ಪಾರ್ಟ್‌ನರ್‌ಶಿಪ್ ಅನ್ನುವುದಕ್ಕೆ ನಮ್ಮಲ್ಲಿ ನಾನು ಕಂಡ ಮಾತುಗಳೇ ನಾಲ್ಕು: ಕಾರ್ಯತಂತ್ರ ಪಾಲುದಾರಿಕೆ, ವ್ಯೂಹಾತ್ಮಕ ಸಹಭಾಗಿತ್ವ, ಆಯಕಟ್ಟಿನ ಸಂಬಂಧ, ರಕ್ಷಣಾ ಮೈತ್ರಿ. ಯಾವುದೂ ಮನಸ್ಸಿಗೆ ಕೂರುತ್ತಿಲ್ಲ.

ಮೊದಲು ಮೈತ್ರಿಯನ್ನು ಪಕ್ಕಕ್ಕಿಡೋಣ. ಇಲ್ಲಿ ಅದು ತಪ್ಪು ಪದ. 1949ರ ನೇಟೊ ಒಪ್ಪಂದ ನೋಡಿ. ಒಬ್ಬರ ಮೇಲೆ ಬಿದ್ದರೆ ಎಲ್ಲರ ಮೇಲೆ ಬಿದ್ದ ಹಾಗೆ ಅಂತ ಬರೆದುಕೊಟ್ಟಿದ್ದಾರೆ. ಅಮೆರಿಕ ಮತ್ತು ಜಪಾನ್ ನಡುವೆ 1960ರ ಭದ್ರತಾ ಒಪ್ಪಂದ ಇದೆ. ಆಸ್ಟ್ರೇಲಿಯಾ 1951ರಿಂದಲೂ ಅಮೆರಿಕದ ಜೊತೆ ಕಟ್ಟುಬಿದ್ದಿದೆ. ಇವು ಮೈತ್ರಿ. ಭಾರತ ಮಾತ್ರ ಈ ಮೂವರಲ್ಲಿ ಯಾರಿಗೂ ಹಾಗೆ ಬರೆದುಕೊಟ್ಟಿಲ್ಲ. ನಾಲ್ಕೇ ದೇಶಗಳ ಕೂಟದಲ್ಲಿ ಎರಡು ಬಗೆಯ ಸಂಬಂಧ ಇದೆ ಅಂತಾಯಿತು. ಎರಡಕ್ಕೂ ಮೈತ್ರಿ ಅಂದುಬಿಟ್ಟರೆ ಲೇಖನದ ತಿರುಳೇ ಹೋಗುತ್ತದೆ. ಅದೂ ಅಲ್ಲದೆ, ಕರ್ನಾಟಕದ ಓದುಗರಿಗೆ ಮೈತ್ರಿ ಅಂದ ತಕ್ಷಣ ನೆನಪಾಗುವುದು 2018ರಲ್ಲಿ ಬಂದು 14 ತಿಂಗಳಿಗೆ ಬಿದ್ದ ಸರ್ಕಾರ!

ಪಾಲುದಾರಿಕೆ ನನಗೆ ಅಂಗಡಿ ಬೋರ್ಡಿನ ಮಾತಿನಂತೆ ಕೇಳುತ್ತದೆ. ಬಂಡವಾಳ ಹಾಕಿ, ಲಾಭ ಹಂಚಿಕೊಳ್ಳಿ. ಹಳ್ಳಿ ಕಡೆ ಹೋದರೆ ಇನ್ನೂ ಕಷ್ಟ. ಅಲ್ಲಿ ಪಾಲು ಅಂದರೆ ಮನೆ ಒಡೆಯುವ ಮಾತು, ಪಾಲುಪಟ್ಟಿಯ ಮಾತು. ಸೇರುವುದಕ್ಕೆ ಬೇರೆಯಾಗುವ ಪದ ಯಾಕೆ? ಸಹಭಾಗಿತ್ವದಲ್ಲಿ ಇರುವುದೂ ಅದೇ ಭಾಗ, ಸಂಸ್ಕೃತದ ಅಂಗಿ ತೊಟ್ಟಿದೆ ಅಷ್ಟೇ.

ಇನ್ನು ಸ್ಟ್ರಾಟೆಜಿಕ್. ಆಯಕಟ್ಟು ಒಳ್ಳೆಯ ಪದ, ಆದರೆ ಜಾಗಕ್ಕೆ. ಮಲಕ್ಕಾ ಜಲಸಂಧಿ ಆಯಕಟ್ಟಿನ ಜಾಗ ಅಂದರೆ ಎಲ್ಲರಿಗೂ ತಿಳಿಯುತ್ತದೆ. ಆಯಕಟ್ಟಿನ ಗೆಳೆತನ ಅಂದರೆ ಯಾರೋ ವರ್ಗಾವಣೆ ಮಾಡಿಸಿಕೊಳ್ಳಲು ಹೊರಟ ಹಾಗಿರುತ್ತದೆ. ವ್ಯೂಹ ಅಂದರೆ ಅಭಿಮನ್ಯು. ಒಳಗೆ ಹೋದವನು ಹೊರಗೆ ಬರಲಿಲ್ಲ, ಅಲ್ವಾ? ಕಾರ್ಯತಂತ್ರ ಸದ್ಯಕ್ಕೆ ಪರವಾಗಿಲ್ಲ. ಆದರೆ ಅದರ ಹಿಂದೆ ಮುಂದೆ ಸೇರುವ ಗುಣವಾಚಕಗಳನ್ನು ನೋಡಿ. ಜಪಾನ್ ಜೊತೆ 2014ರಿಂದ ‘ವಿಶೇಷ ಕಾರ್ಯತಂತ್ರ ಮತ್ತು ಜಾಗತಿಕ’, ಆಸ್ಟ್ರೇಲಿಯಾ ಜೊತೆ 2020ರಿಂದ ‘ಸಮಗ್ರ ಕಾರ್ಯತಂತ್ರ’, ಅದೇ ವರ್ಷ ಅಮೆರಿಕದ ಜೊತೆ ‘ಸಮಗ್ರ ಜಾಗತಿಕ ಕಾರ್ಯತಂತ್ರ’. ಮದುವೆ ಪತ್ರಿಕೆಯಲ್ಲಿ ಚಿ|| ರಾ|| ಹಾಕಿದ ಹಾಗೆ. ಒಂದನ್ನೂ ಬಿಡುವ ಹಾಗಿಲ್ಲ, ಬಿಟ್ಟರೆ ಯಾರಿಗೋ ಬೇಜಾರು.

ನನ್ನ ನಿಜವಾದ ಪ್ರಶ್ನೆ ಇದು. ಈ ದೇಶಗಳು ಕಡಲಲ್ಲಿ ಮಾಡುವ ಕೆಲಸ ನೋಡಿದಾಗ ನನಗೆ ಹೊಳೆದ ಪದವೇ ಬೇರೆ. 2016ರಲ್ಲಿ ಭಾರತ ಅಮೆರಿಕದ ಜೊತೆ ಲಿಮೋವಾ ಅನ್ನುವ ಒಪ್ಪಂದ ಮಾಡಿಕೊಂಡಿತು. ನಿಮ್ಮ ಹಡಗು ನಮ್ಮ ಬಂದರಿಗೆ ಬಂದರೆ ಎಣ್ಣೆ, ಊಟ, ಬಿಡಿಭಾಗ ನಾವು ಕೊಡುತ್ತೇವೆ, ನಮ್ಮದು ಬಂದಾಗ ನೀವು ಕೊಡಿ, ಲೆಕ್ಕ ಆಮೇಲೆ. ನೆಲೆ ಹೂಡುವ ಮಾತು ಇಲ್ಲ. 2020ರ ಸೆಪ್ಟೆಂಬರಿನಲ್ಲಿ ನಮ್ಮ ಐಎನ್‌ಎಸ್ ತಲ್ವಾರ್ ಅರಬ್ಬೀ ಸಮುದ್ರದ ನಡುವೆ ಅಮೆರಿಕದ ಯೂಕಾನ್ ಅನ್ನುವ ಟ್ಯಾಂಕರ್‌ನಿಂದ ಎಣ್ಣೆ ತುಂಬಿಸಿಕೊಂಡಿತು. ಅದೇ ತಿಂಗಳು ಅಮೆರಿಕದ ಒಂದು ಪಿ-8 ವಿಮಾನ ಪೋರ್ಟ್ ಬ್ಲೇರ್‌ನಲ್ಲಿ ಇಳಿದು ಎಣ್ಣೆ ಹಾಕಿಸಿಕೊಂಡು ಹೋಯಿತು. ಜಪಾನ್, ಆಸ್ಟ್ರೇಲಿಯಾ ಜೊತೆಗೂ 2020ರಲ್ಲೇ ಇಂಥ ಒಪ್ಪಂದ ಆಯಿತು.

ಇದು ನಮ್ಮೂರಿನ ಮುಯ್ಯಾಳು ತಾನೇ! ನಾಟಿ ದಿನ ಪಕ್ಕದ ಮನೆಯಿಂದ ಮೂವರು ಬಂದರೆ, ಅವರ ಗದ್ದೆಗೆ ನಮ್ಮಿಂದ ಮೂವರು. ನಮ್ಮಜ್ಜಿ ಅಡುಗೆಮನೆ ಗೋಡೆ ಮೇಲೆ ಇದ್ದಿಲಲ್ಲಿ ಗೆರೆ ಎಳೆದು ಲೆಕ್ಕ ಇಡುತ್ತಿದ್ದರು. ಆಳು ತೀರಿಸಿದ ಮೇಲೆ ಬೆರಳಲ್ಲಿ ಒರೆಸುವುದು. ಹಾಗಂತ ಪಕ್ಕದ ಮನೆಯವರ ಬೇಲಿ ಜಗಳಕ್ಕೆ ನಾವು ದೊಣ್ಣೆ ಹಿಡಿದು ಹೋಗಬೇಕು ಅಂತ ಯಾರೂ ಅಂದುಕೊಳ್ಳುತ್ತಿರಲಿಲ್ಲ. ಮೈತ್ರಿಗೂ ಇದಕ್ಕೂ ಇರುವ ವ್ಯತ್ಯಾಸ ನನ್ನ ಪ್ರಕಾರ ಇಷ್ಟೇ.

ಆದರೆ ತೊಡಕು ಇದೆ. ‘ಭಾರತ–ಜಪಾನ್ ಮುಯ್ಯಿ ಒಪ್ಪಂದ’ ಅಂತ ತಲೆಬರಹ ಕೊಟ್ಟರೆ ಓದುವವರು ಸೇಡು ಅಂದುಕೊಳ್ಳುತ್ತಾರೆ. ಮುಯ್ಯಿಗೆ ಮುಯ್ಯಿ ಅನ್ನುವುದು ಅಷ್ಟು ಗಟ್ಟಿಯಾಗಿ ಕೂತಿದೆ. ಮದುವೆಯಲ್ಲಿ ಮುಯ್ಯಿ ಮಾಡುವುದೂ ಅದೇ ಪದ, ಹೊಡೆದವನಿಗೆ ತಿರುಗಿಸಿ ಕೊಡುವುದೂ ಅದೇ. ‘ಮುಯ್ಯಾಳು ಒಪ್ಪಂದ’ ಅಂತ ಆಳನ್ನು ಉಳಿಸಿಕೊಂಡರೆ ಸೇಡಿನ ನೆರಳು ತಪ್ಪೀತೇ? ಪಟ್ಟಣದಲ್ಲಿ ಬೆಳೆದವರಿಗೆ ಇದು ತಿಳಿಯುತ್ತದೆಯೇ?

ಇನ್ನೆರಡು ಚಿಕ್ಕ ವಿಷಯ. ಮ್ಯಾರಿಟೈಮ್ ಸೆಕ್ಯುರಿಟಿಗೆ ‘ನೌಕಾ ಭದ್ರತೆ’ ಅನ್ನುವುದು ಸಾಲದು. ಅದು ನೌಕಾಪಡೆಯ ಮಾತು. ಇಲ್ಲಿ ಕಡಲ್ಗಳ್ಳರು, ಕಳ್ಳಸಾಗಣೆ, ಬೇರೆಯವರ ನೀರಿಗೆ ನುಗ್ಗುವ ಮೀನು ದೋಣಿ, ತಳದಲ್ಲಿ ಹಾಯುವ ಕೇಬಲ್ ಎಲ್ಲ ಬರುತ್ತವೆ. ‘ಸಾಗರ ಭದ್ರತೆ’ ಅಂದರೆ ಶಿವಮೊಗ್ಗದವರು ತಮ್ಮ ಸಾಗರದ ಪೊಲೀಸ್ ಠಾಣೆ ಅಂದುಕೊಂಡಾರು. ತಮಾಷೆಯಲ್ಲ, 2025ರ ಏಪ್ರಿಲ್‌ನಲ್ಲಿ ಐಒಎಸ್ ಸಾಗರ್ (ಹಿಂದೂ ಮಹಾಸಾಗರದ ಹಡಗು ಅನ್ನುವ ನಮ್ಮ ನೌಕಾಪಡೆಯ ಯಾನ) ಕಾರವಾರದಿಂದ ಹೊರಟಿತು. ಒಂಬತ್ತು ದೇಶದ ನಾವಿಕರು ನಮ್ಮ ಸುನಯನಾ ಹಡಗಿನಲ್ಲಿದ್ದರು. ಆ ಸುದ್ದಿಯನ್ನು ಕನ್ನಡದಲ್ಲಿ ಬರೆಯುವಾಗ ಎಷ್ಟು ಸಾಗರ ಬರುತ್ತವೆ, ಎಣಿಸಿ ನೋಡಿ. ನಮ್ಮಲ್ಲಿ ‘ಕರಾವಳಿ ಕಾವಲು’ ಅನ್ನುವುದು ಪೊಲೀಸರ ಬಾಯಲ್ಲೇ ಇದೆ. ಹಾಗಾಗಿ ‘ಕಡಲ ಕಾವಲು’ ಅಂತ ಬರೆದಿದ್ದೇನೆ.

ಎರಡನೆಯದು ಮಲಬಾರ್, ನೌಕಾಪಡೆಗಳು ಸೇರಿ ಕಡಲಲ್ಲಿ ಮಾಡುವ ಯುದ್ಧದ ಅಭ್ಯಾಸ. 1992ರಲ್ಲಿ ಭಾರತ, ಅಮೆರಿಕ ಶುರು ಮಾಡಿದ್ದು, 2023ರಲ್ಲಿ ಸಿಡ್ನಿ ಹತ್ತಿರ ನಡೆಯಿತು. ಸಮರಾಭ್ಯಾಸ ಅನ್ನಲೋ, ಜಂಟಿ ತಾಲೀಮು ಅನ್ನಲೋ? ಕವಾಯತು ಬೇಡ, ಅದು ಮೈದಾನದಲ್ಲಿ ಕಾಲು ಎತ್ತಿ ಹಾಕುವುದು. ನನ್ನ ಒಲವು ತಾಲೀಮಿನ ಕಡೆ.

ಮುಯ್ಯಾಳಿಗೆ ನಿಮ್ಮ ಕಡೆ ಬೇರೆ ಹೆಸರು ಇದ್ದರೆ ತಿಳಿಸಿ, ಮುಖ್ಯವಾಗಿ ಉತ್ತರ ಕರ್ನಾಟಕದವರು ಮತ್ತು ಕರಾವಳಿಯವರು. ಸೇಡಿನ ವಾಸನೆ ಇಲ್ಲದ ಪದ ಸಿಕ್ಕರೆ ಅದನ್ನೇ ಹಾಕುತ್ತೇನೆ. ಲೇಖನ ಬುಧವಾರ ಕೊಡಬೇಕು.