ಹೊರದೇಶದ ಮಾರಾಟಗಾರರಿಂದ ವಜ್ರವನ್ನು ನೋಡದೆಯೇ ಕೊಳ್ಳಬಹುದೇ?

ಪ್ರಶ್ನೆ: ಪೊನ್ನಂಪೇಟೆ ಬೆಳೆಗಾರ

ಎಲ್ಲರಿಗೂ ನಮಸ್ಕಾರ. ಮುಂದಿನ ಬೇಸಿಗೆಯಲ್ಲಿ ನನ್ನ ಮಗಳ ಮದುವೆ ನಿಶ್ಚಯವಾಗಿದೆ. ಪತ್ತಾಕ್, ಜೋಮಾಲೆ, ಕೊಕ್ಕೆತಾತಿ ಈ ಒಡವೆಗಳೆಲ್ಲ ಅವಳ ಅಜ್ಜಿಯ ಕಾಲದಿಂದ ಮನೆಯಲ್ಲೇ ಇರುವುದರಿಂದ ಆ ಬಗ್ಗೆ ಚಿಂತೆಯಿಲ್ಲ. ಉಂಗುರಕ್ಕೆ ಮಾತ್ರ ಒಂದು ಕ್ಯಾರೆಟ್ ತೂಕದ ವಜ್ರವಾಗಬೇಕು ಎಂಬುದು ಅವಳ ಆಸೆ. ಅಮೆರಿಕದ ಒಂದು ಜಾಲತಾಣದಲ್ಲಿ ಜಿಐಎ ಎಂಬ ಪ್ರಯೋಗಾಲಯದ ದರ್ಜೆ ವರದಿಯಿರುವ, ಜಿ ಬಣ್ಣದ (ಬಹುತೇಕ ಬಣ್ಣರಹಿತ), ವಿಎಸ್2 ಶುದ್ಧತೆಯ (ಭೂತಗನ್ನಡಿಯಲ್ಲಷ್ಟೇ ಕಾಣುವ ಸಣ್ಣ ಕಲೆಗಳಿರುವ) ದುಂಡು ಹರಳೊಂದನ್ನು ಅವಳೇ ಆರಿಸಿದ್ದಾಳೆ. ಇದೇ ದರ್ಜೆಯ ಹರಳಿಗೆ ಮೈಸೂರಿನ ಅಂಗಡಿಯವರು ಹೇಳಿದ ಬೆಲೆಗಿಂತ ಅಲ್ಲಿ ಸಾಕಷ್ಟು ಕಡಿಮೆಯಿದೆ. ಹರಳು ಸುತ್ತ ತಿರುಗುವ ವಿಡಿಯೊ ಇದೆ, ವರದಿಯ ಪ್ರತಿ ಇದೆ, 30 ದಿನಗಳೊಳಗೆ ಹಿಂದಿರುಗಿಸಬಹುದೆಂದೂ ಬರೆದಿದ್ದಾರೆ.

ಆದರೂ ಮನಸ್ಸು ಒಪ್ಪುತ್ತಿಲ್ಲ. ನಮ್ಮ ಕಾಫಿಗೆ ಔಟ್‌ಟರ್ನ್ (ಒಣಗಿದ ಕಾಫಿಯಿಂದ ಸಿಗುವ ಬೀಜದ ಪ್ರಮಾಣ) ನೋಡದೆ ಯಾವ ವ್ಯಾಪಾರಿಯೂ ದರ ಹೇಳುವುದಿಲ್ಲ. ಅದೇ ಕಾಫಿಯ ಹಣವನ್ನು ಕಣ್ಣಿನಿಂದ ನೋಡದ ವಸ್ತುವಿಗೆ ಹಾಕುವುದು ಹೇಗೆ? ವರದಿಯನ್ನು ಎಷ್ಟರ ಮಟ್ಟಿಗೆ ನಂಬಬಹುದು, ಸುಂಕ ಎಷ್ಟಾಗುತ್ತದೆ, ಬಂದ ಹರಳು ಬೇರೆಯೇ ಆಗಿದ್ದರೆ ಏನು ಮಾಡಬೇಕು ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ಹರಳು ಪರೀಕ್ಷಕ, ಮಡಿಕೇರಿ

ಮಾನ್ಯರೇ, ಜಿಐಎ ವಜ್ರ ಮಾರುವ ಸಂಸ್ಥೆಯಲ್ಲ. ದರ್ಜೆ ನಿರ್ಧರಿಸುವ ಪ್ರಯೋಗಾಲಯ ಅದರದು. ಹಾಗಾಗಿ ಅದರ ವರದಿ ನಂಬಿಕೆಗೆ ಅರ್ಹವೇ. ಆದರೆ ಮಾರಾಟಗಾರರು ಕಳುಹಿಸಿದ ಪ್ರತಿಯನ್ನು ನೋಡಿ ಸುಮ್ಮನಾಗದೆ, ವರದಿಯ ಸಂಖ್ಯೆಯನ್ನು ಜಿಐಎ ಜಾಲತಾಣದಲ್ಲಿ ನೀವೇ ಹಾಕಿ ಎರಡನ್ನೂ ಹೋಲಿಸಿ.

ದುಂಡು ಹರಳುಗಳಿಗೆ 2006ರಿಂದ ಆ ವರದಿಯಲ್ಲಿ ಕಟ್ ದರ್ಜೆಯೂ, ಅಂದರೆ ಹರಳನ್ನು ಎಷ್ಟು ಚೆನ್ನಾಗಿ ಕತ್ತರಿಸಲಾಗಿದೆ ಎಂಬುದೂ, ಬರುತ್ತಿದೆ. ನೋಡದೆ ಕೊಳ್ಳುವವರಿಗೆ ಅತ್ಯುನ್ನತ ದರ್ಜೆಯಾದ ‘ಎಕ್ಸಲೆಂಟ್’ಗಿಂತ ಕೆಳಗಿನದನ್ನು ನಾನು ಸೂಚಿಸುವುದಿಲ್ಲ. ಒಂದು ಕ್ಯಾರೆಟ್ ಎಂದರೆ 200 ಮಿಲಿಗ್ರಾಂ. ಸರಿಯಾಗಿ ಕತ್ತರಿಸಿದ ದುಂಡು ಹರಳು ಅಷ್ಟು ತೂಕಕ್ಕೆ ಸುಮಾರು 6.5 ಮಿ.ಮೀ. ಅಗಲವಿರುತ್ತದೆ. ತೂಕ ಉಳಿಸಿಕೊಳ್ಳಲೆಂದು ತಳವನ್ನು ಆಳವಾಗಿ ಬಿಟ್ಟಿದ್ದರೆ, ಅದೇ ತೂಕದ ಹರಳು ಮೇಲಿನಿಂದ ಚಿಕ್ಕದಾಗಿ ಕಾಣುವುದಲ್ಲದೆ, ಬೆಳಕು ತಳದಿಂದ ಸೋರಿಹೋಗಿ ನಡುಭಾಗ ಮಂಕಾಗುತ್ತದೆ.

ಇನ್ನು ವರದಿ ಹೇಳದೆ ಬಿಡುವ ಸಂಗತಿಗಳು. ನಿಜವಾದ ಅಪಾಯ ಇರುವುದು ಇಲ್ಲೇ. ಜಿ, ಎಚ್‌ನಂತಹ ದರ್ಜೆಗಳಲ್ಲಿ ಛಾಯೆ ಹಳದಿಯ ಕಡೆಗೆ ವಾಲಿದೆಯೋ ಕಂದಿನ ಕಡೆಗೋ ಎಂಬುದನ್ನು ವರದಿ ಬರೆಯುವುದಿಲ್ಲ. ಕೆಲವು ಹರಳುಗಳಲ್ಲಿ ನೀರಿಗೆ ಎರಡು ಹನಿ ಹಾಲು ಬಿದ್ದಂತಹ ಮಬ್ಬು ಇರುತ್ತದೆ. ಅದಕ್ಕೂ ವರದಿಯಲ್ಲಿ ಪ್ರತ್ಯೇಕ ದರ್ಜೆಯಿಲ್ಲ. ಕಂದು, ಹಸಿರು ಮತ್ತು ಹಾಲುಮಬ್ಬು ಈ ಮೂರನ್ನೂ ಸೇರಿಸಿ ವಜ್ರದ ವ್ಯಾಪಾರಿಗಳು ‘ಬಿಜಿಎಂ’ ಎನ್ನುತ್ತಾರೆ. ‘ನೋ ಬಿಜಿಎಂ’ ಎಂದು ಮಾರಾಟಗಾರರಿಂದ ಬರಹದಲ್ಲೇ ಪಡೆಯಿರಿ. ವರದಿಯ ಷರಾ ಭಾಗದಲ್ಲಿ, ಒಳಗಿನ ಕಲೆಗಳ ನಕ್ಷೆಯಲ್ಲಿ ತೋರಿಸದ ಮೋಡಗಳನ್ನು (ಹರಳಿನೊಳಗಿನ ಸೂಕ್ಷ್ಮ ಚುಕ್ಕೆಗಳ ಗುಂಪುಗಳನ್ನು) ಆಧರಿಸಿ ಶುದ್ಧತೆಯ ದರ್ಜೆ ನೀಡಲಾಗಿದೆ ಎಂಬ ವಾಕ್ಯವಿದ್ದರೆ, ಕಣ್ಣಾರೆ ನೋಡದೆ ಆ ಹರಳನ್ನು ಕೊಳ್ಳಬೇಡಿ. ಫ್ಲೋರೆಸೆನ್ಸ್ (ನೇರಳಾತೀತ ಬೆಳಕಿನಲ್ಲಿ ಹರಳು ಹೊಳೆಯುವ ಗುಣ) ಪ್ರಬಲ ಎಂದಿದ್ದರೆ, ಹಗಲಿನ ಬೆಳಕಿನಲ್ಲಿ ತೆಗೆದ ವಿಡಿಯೊವನ್ನೂ ಕೇಳಿ; ಅಂಗಡಿಯ ದೀಪದಡಿ ತೆಗೆದದ್ದು ಸಾಲದು.

ಹರಳು ಕೈಸೇರಿದ ಮೇಲೆ, ಉಂಗುರಕ್ಕೆ ಕೂರಿಸುವ ಮೊದಲೇ ಪರೀಕ್ಷೆ ಮಾಡಿಸಿ, ಏಕೆಂದರೆ ಕೂರಿಸಿದ ಹರಳನ್ನು ತೂಗಲು ಆಗುವುದಿಲ್ಲ. ಹರಳಿನ ಅಂಚಿನಲ್ಲಿ ಲೇಸರ್‌ನಿಂದ ಕೊರೆದ ವರದಿ ಸಂಖ್ಯೆ ಭೂತಗನ್ನಡಿಯಲ್ಲಿ ಕಾಣುತ್ತದೆ. ಆದರೆ ಅದೊಂದನ್ನೇ ನೆಚ್ಚಿಕೊಳ್ಳಬಾರದು. ನೈಸರ್ಗಿಕ ವಜ್ರದ ವರದಿ ಸಂಖ್ಯೆಯನ್ನು ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರದ ಮೇಲೆ ಕೊರೆದ ಪ್ರಕರಣಗಳನ್ನು ಜಿಐಎ ಸ್ವತಃ ಪತ್ತೆ ಮಾಡಿದೆ. ತೂಕ, ನೂರನೇ ಒಂದು ಮಿ.ಮೀ.ವರೆಗಿನ ಅಳತೆ, ಒಳಗಿನ ಕಲೆಗಳ ನಕ್ಷೆ ಎಲ್ಲವೂ ಹೊಂದಬೇಕು. ಅಂಗಡಿಗಳಲ್ಲಿರುವ ಸಾಮಾನ್ಯ ಶಾಖದ ಪರೀಕ್ಷಕವು ಬೆಳೆಸಿದ ವಜ್ರವನ್ನೂ ವಜ್ರವೆಂದೇ ತೋರಿಸುತ್ತದೆ. ಅನುಮಾನ ಉಳಿದರೆ ನಿಮ್ಮ ಆಭರಣದ ಅಂಗಡಿಯವರ ಮೂಲಕ ಮುಂಬೈಯ ಜಿಐಎ ಪ್ರಯೋಗಾಲಯಕ್ಕೆ ಕಳುಹಿಸಬಹುದು.

ಉತ್ತರ: ಕುಶಾಲನಗರದಿಂದ

ಸುಂಕದ ವಿಷಯವನ್ನಷ್ಟೇ ಹೇಳುತ್ತೇನೆ. ಬಿಡಿ ಹರಳನ್ನೇ ತರಿಸಿ, ಉಂಗುರವನ್ನು ಇಲ್ಲೇ ಮಾಡಿಸಿ. ಸಿದ್ಧ ಆಭರಣಕ್ಕೆ ಸುಂಕ ಹೆಚ್ಚು. ಪಾಲಿಶ್ ಮಾಡಿದ ವಜ್ರದ ಆಮದು ಸುಂಕವನ್ನು 2022ರ ಬಜೆಟ್‌ನಲ್ಲಿ ಶೇ 7.5ರಿಂದ ಶೇ 5ಕ್ಕೆ ಇಳಿಸಲಾಯಿತು, ಅದರ ಮೇಲೆ ಜಿಎಸ್‌ಟಿ ಸೇರುತ್ತದೆ. ಆದರೆ ವೈಯಕ್ತಿಕ ಬಳಕೆಗೆಂದು ಬರುವ ಪಾರ್ಸೆಲ್‌ಗಳಿಗೆ ಬೇರೆ ಶೀರ್ಷಿಕೆಯಡಿ (ಸುಂಕದ ವರ್ಗದಡಿ) ಬೇರೆ ದರ ಹಾಕುವ ಪದ್ಧತಿಯೂ ಇರುವುದರಿಂದ, ಯಾವ ಶೀರ್ಷಿಕೆಯಡಿ ಬಿಡಿಸುತ್ತೀರಿ ಎಂದು ಸಾಗಣೆ ಕಂಪನಿಯವರಿಂದ ಮುಂಚಿತವಾಗಿಯೇ ಬರಹದಲ್ಲಿ ಉತ್ತರ ಪಡೆದು, ಆ ಮೊತ್ತವನ್ನು ಸೇರಿಸಿದ ಮೇಲೆ ಮೈಸೂರಿನ ಬೆಲೆಯೊಂದಿಗೆ ಹೋಲಿಸಿ.

ಉಡುಗೊರೆ ಎಂದು ಬರೆದು ಬೆಲೆ ಕಡಿಮೆ ತೋರಿಸುತ್ತೇವೆ ಎಂದು ಮಾರಾಟಗಾರರು ಹೇಳಿದರೆ ಖಂಡಿತ ಒಪ್ಪಬೇಡಿ. ಅದು ಕಾನೂನುಬಾಹಿರ, ಮೇಲಾಗಿ ದಾರಿಯಲ್ಲಿ ಪಾರ್ಸೆಲ್ ಕಳೆದುಹೋದರೆ ಪೂರ್ತಿ ಬೆಲೆಯ ವಿಮಾ ಹಣ ಕೇಳಲು ನಿಮಗೆ ಆಧಾರವೇ ಉಳಿಯುವುದಿಲ್ಲ.

30 ದಿನಗಳ ಅವಧಿ ಪಾರ್ಸೆಲ್ ಅಲ್ಲಿಂದ ಹೊರಟ ದಿನದಿಂದಲೋ ನಿಮ್ಮ ಕೈಸೇರಿದ ದಿನದಿಂದಲೋ ಎಂಬುದನ್ನೂ ಕೇಳಿ. ಕಸ್ಟಮ್ಸ್‌ನಲ್ಲಿ ತಡವಾದರೆ ಈ ವ್ಯತ್ಯಾಸವೇ ನಿರ್ಣಾಯಕ. ಹಿಂದಿರುಗಿಸುವಾಗ ಕಟ್ಟಿದ ಸುಂಕದ ಶೇ 98ರವರೆಗೆ ಮರಳಿ ಪಡೆಯಲು ಕಸ್ಟಮ್ಸ್ ಕಾಯ್ದೆಯ 74ನೇ ಕಲಮಿನಲ್ಲಿ ಅವಕಾಶವಿದೆ. ಆದರೆ ಬಂದದ್ದೂ ಹೋಗುತ್ತಿರುವುದೂ ಒಂದೇ ಹರಳೆಂದು ದಾಖಲೆ ಸಹಿತ ತೋರಿಸಬೇಕಾಗುತ್ತದೆ, ಆದ್ದರಿಂದ ಆಮದಿನ ಕಾಗದಪತ್ರಗಳನ್ನು ಜೋಪಾನವಾಗಿಡಿ. ಹಣವನ್ನು ಬ್ಯಾಂಕ್ ವರ್ಗಾವಣೆಯ ಬದಲು ಕ್ರೆಡಿಟ್ ಕಾರ್ಡ್‌ನಿಂದ ಕಟ್ಟಿದರೆ, ಬೇರೆ ಹರಳು ಬಂದಾಗ ಬ್ಯಾಂಕಿನಲ್ಲಿ ತಕರಾರು ದಾಖಲಿಸುವ ದಾರಿ ಇರುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ನಿಜ. ಆದರೆ ಇಲ್ಲಿ ಕಚೇರಿಯೇ ಇಲ್ಲದವರ ಮೇಲೆ ಆದೇಶ ಜಾರಿ ಮಾಡಿಸುವುದು ಕಷ್ಟ.

ಪೊನ್ನಂಪೇಟೆ ಬೆಳೆಗಾರ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ವರದಿಯ ಷರಾ ಭಾಗವನ್ನು ಈಗ ನೋಡಿದೆ. ಮೋಡಗಳ ವಾಕ್ಯ ಅದರಲ್ಲಿಲ್ಲ, ಫ್ಲೋರೆಸೆನ್ಸ್ ಕೂಡ ಇಲ್ಲ. ಮಗಳು ಈಗ ಮೊಟ್ಟೆಯಾಕಾರದ ಹರಳೊಂದನ್ನೂ ತೋರಿಸುತ್ತಿದ್ದಾಳೆ. ಅದಕ್ಕೂ ಇದೇ ಕ್ರಮ ಸಾಕೇ?

ಉತ್ತರ: ವಿರಾಜಪೇಟೆಯ ಗೃಹಿಣಿ

ಅಣ್ಣಾ, ಮೊಟ್ಟೆಯಾಕಾರದ್ದಕ್ಕೆ ಇಷ್ಟು ಸಾಲದು. ಆ ಆಕಾರದ ಹರಳುಗಳ ಜಿಐಎ ವರದಿಯಲ್ಲಿ ಪಾಲಿಶ್ ಮತ್ತು ಸಮಮಿತಿ ಬರುತ್ತವೆಯೇ ಹೊರತು ದುಂಡು ಹರಳಿಗಿರುವಂತೆ ಒಟ್ಟಾರೆ ಕಟ್ ದರ್ಜೆಯನ್ನು ನಾನು ಕಂಡಿಲ್ಲ. ನನ್ನ ಹರಳು ಅದೇ ಆಕಾರದ್ದು, ಹೊರಗಿನಿಂದಲೇ ತರಿಸಿದ್ದು. ನಡುವೆ ಅಡ್ಡಲಾಗಿ ಚಿಟ್ಟೆಯ ರೆಕ್ಕೆಯಾಕಾರದ ಒಂದು ಕಪ್ಪು ನೆರಳು ಬೀಳುತ್ತದೆ. ವಿಡಿಯೊದಲ್ಲಿ ಹರಳು ತಿರುಗುತ್ತಲೇ ಇದ್ದುದರಿಂದ ಅದು ಗಮನಕ್ಕೆ ಬರುವಂತಿರಲಿಲ್ಲ. ಕಿಟಕಿಯ ಬಳಿ ಬಿಳಿ ಕಾಗದದ ಮಡಿಕೆಯಲ್ಲಿಟ್ಟು ನೇರವಾಗಿ ಮೇಲಿನಿಂದ ನೋಡಿದಾಗ ಸ್ಪಷ್ಟವಾಗಿ ಕಂಡಿತು. ನೆರಳು ಸಣ್ಣದಾದ್ದರಿಂದ ಇಟ್ಟುಕೊಂಡೆ. ಹೆಚ್ಚಿದ್ದರೆ ಹರಳಿನ ಅಂದವೇ ಕೆಡುತ್ತದೆ, ಅದನ್ನು ಸರಿಪಡಿಸಲು ಯಾವ ಅಕ್ಕಸಾಲಿಗರಿಂದಲೂ ಆಗದು. ಹೊರಗಿನಿಂದಲೇ ಕೊಳ್ಳುವುದಾದರೆ ದುಂಡು ಹರಳನ್ನೇ ಆರಿಸಿ.

ಇನ್ನೊಂದು ಮಾತು. ಲೋಕದ ಹತ್ತು ವಜ್ರಗಳಲ್ಲಿ ಸುಮಾರು ಒಂಬತ್ತು ಪಾಲಿಶ್ ಆಗುವುದು ನಮ್ಮ ಸೂರತ್‌ನಲ್ಲಿ. ಅಮೆರಿಕದ ಪಟ್ಟಿಯಲ್ಲಿರುವ ಆ ಹರಳೂ ಅಲ್ಲಿಯದೇ ಆಗಿರುವ ಸಾಧ್ಯತೆ ಹೆಚ್ಚು. ಆದ್ದರಿಂದ ಹಣ ಕಟ್ಟುವ ಮೊದಲು ಇದೇ ಬಣ್ಣ, ಶುದ್ಧತೆ, ಕಟ್ ಇರುವ ಜಿಐಎ ವರದಿಯ ಹರಳನ್ನು ನೋಡಿ ತೀರ್ಮಾನಿಸುವ ಷರತ್ತಿನ ಮೇಲೆ ತರಿಸಿಕೊಡುತ್ತೀರಾ ಎಂದು ಮೈಸೂರು ಅಥವಾ ಬೆಂಗಳೂರಿನ ಎರಡು ಅಂಗಡಿಗಳಲ್ಲಿ ಕೇಳಿ ನೋಡಿ. ಅಂಗಡಿಯಲ್ಲಿ ಸಿದ್ಧವಿರುವ ಹರಳಿಗೆ ಹೇಳುವ ಬೆಲೆಗೂ, ಹೀಗೆ ತರಿಸಿದ ಹರಳಿಗೆ ಹೇಳುವ ಬೆಲೆಗೂ ನನಗೆ ವ್ಯತ್ಯಾಸ ಕಂಡಿತ್ತು.